ಸಿಗ್ನಲ್ ಕಡಿಮೆ, ಆದರೂ ಪುಟ ಬೇಗ: ಹೇಗೆ?

ಪ್ರಶ್ನೆ: ನೆಟ್‌ವರ್ಕ್ ನಿಧಾನವಿದ್ದಾಗಲೂ ಕೆಲವು ಜಾಲತಾಣಗಳು ಥಟ್ಟನೆ ತೆರೆದುಕೊಳ್ಳುತ್ತವೆ, ಕೆಲವು ಸುತ್ತುತ್ತಲೇ ಇರುತ್ತವೆ. ಯಾಕೆ?

ಉತ್ತರ: ಕಳಿಸುವ ಮುನ್ನ ಸರ್ವರ್ ಪುಟವನ್ನು ಕುಗ್ಗಿಸುತ್ತದೆಯೇ ಎಂಬುದು ದೊಡ್ಡ ಕಾರಣ. ಪುಟ ಕೇಳುವಾಗಲೇ ಬ್ರೌಸರ್ ತನಗೆ ಜಿ-ಜಿಪ್, ಬ್ರಾಟ್ಲಿ ಮುಂತಾದ ಕುಗ್ಗಿಸುವ ವಿಧಾನಗಳಲ್ಲಿ ಯಾವ ಯಾವುದರ ಗಂಟು ಬಿಚ್ಚಲು ಬರುತ್ತದೆಂದು ತಿಳಿಸಿರುತ್ತದೆ. 1992ರಲ್ಲಿ ಬಂದ ಜಿ-ಜಿಪ್‌ನ ಮುಖ್ಯ ಉಪಾಯ ಸರಳ: ಮೊದಲೇ ಬಂದ ತುಣುಕು ಮತ್ತೆ ಬಂದರೆ ಅದನ್ನು ಪೂರ್ತಿ ಬರೆಯದೆ, ‘ಇಷ್ಟು ಹಿಂದಕ್ಕೆ ಹೋಗಿ ಇಷ್ಟು ಉದ್ದ ಎತ್ತಿಕೋ’ ಎಂದು ಗುರುತು ಹಾಕುವುದು.

ಕನ್ನಡ ಪುಟಗಳಿಗಂತೂ ಇದು ವರದಾನ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ನಮ್ಮ ವ್ಯಂಜನ, ಗುಣಿತದ ಚಿಹ್ನೆ, ಒತ್ತಕ್ಷರ ಮೂಡಿಸುವ ವಿರಾಮ (್) ಒಂದೊಂದಕ್ಕೂ 3 ಬೇಕು. ‘ಕನ್ನಡ’ (ಕ, ನ, ್, ನ, ಡ) ಎಂಬ ಪದವೇ 15 ಬೈಟ್. ಆದರೆ ಆ ಮೂರರಲ್ಲಿ ಮೊದಲನೆಯದು ಎಲ್ಲಕ್ಕೂ ಒಂದೇ, ಎರಡನೆಯದರಲ್ಲಿ ಎರಡೇ ಬಗೆ. ಹಾಗಾಗಿ ಕನ್ನಡ ಪಠ್ಯ ಚೆನ್ನಾಗಿ ಕುಗ್ಗುತ್ತದೆ. ಕನ್ನಡ ತಾಣ ನಡೆಸುವವರು ಈ ಕುಗ್ಗಿಸುವ ಸೌಲಭ್ಯವನ್ನು ಚಾಲೂ ಮಾಡದಿದ್ದರೆ ಓದುಗರ ಡೇಟಾ ಪೋಲು ಮಾಡಿದಂತೆಯೇ. (ಜೆಪೆಗ್ ಚಿತ್ರಗಳು ಮೊದಲೇ ಕುಗ್ಗಿರುತ್ತವೆ, ಅವಕ್ಕೆ ಲಾಭವಿಲ್ಲ.)

ಇನ್ನೊಂದು ಕಾರಣ, ಇಡೀ ಪುಟ ಮತ್ತೆ ತರಿಸದೆ ಬೇಕಾದಷ್ಟನ್ನೇ ಹಿನ್ನೆಲೆಯಲ್ಲಿ ತರಿಸುವುದು. ಗೂಗಲ್ ಮ್ಯಾಪ್ಸ್‌ನಲ್ಲಿ ನಕ್ಷೆ ಎಳೆದು ನೋಡಿ: ಹೊಸದಾಗಿ ಕಾಣಬೇಕಾದ ಚೌಕಗಳು ಮಾತ್ರ ಬಂದು ಕೂರುತ್ತವೆ. 2005ರಲ್ಲಿ ವಿನ್ಯಾಸಕ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ವಿಧಾನಕ್ಕೆ ಅಜಾಕ್ಸ್ ಎಂದು ಹೆಸರಿಟ್ಟರು. ಆದರೆ ಹಿಡಿತ ಬೇಕು. ಪ್ರತಿ ಕೋರಿಕೆಯೂ ಸರ್ವರ್‌ವರೆಗೆ ಹೋಗಿ ಬರಬೇಕು. ಸಣ್ಣ ಸಣ್ಣ ಕೋರಿಕೆಗಳನ್ನು ಒಂದರ ಹಿಂದೊಂದು ಕಳಿಸಿದರೆ, ಸಿಗ್ನಲ್ ಸೊರಗಿದ ಕಡೆ ಪುಟ ಮೊದಲಿಗಿಂತ ನಿಧಾನವಾಗುತ್ತದೆ.