ಬಿದ್ದ ಹನಿಯನ್ನು ಉಳಿಸುವ ವಿದ್ಯೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಿಂಗಾರಿ ಬಿಳಿಜೋಳವು ಎರೆಭೂಮಿಯು ಹಿಡಿದಿಟ್ಟ ತೇವವನ್ನೇ ನಂಬಿ ಬೆಳೆಯತಕ್ಕದ್ದು. ಮಳೆ ತಪ್ಪಿದರೆ ಏನಾಗುವುದೆಂಬುದನ್ನು 1876–78ರ ಕ್ಷಾಮವು ಈ ಸೀಮೆಗೆ ತೋರಿಸಿತು. ಇಂಥ ನೆಲದ ಬೇಸಾಯವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದವರಲ್ಲಿ ಎನ್. ವಿ. ಕಾನಿಟಕರರು ಅಗ್ರಗಣ್ಯರು. 1923ರಲ್ಲಿ ಪುಣೆಯ ಬಳಿಯ ಮಾಂಜರಿಯಲ್ಲಿ ಮೊದಲಾದ ಪ್ರಯೋಗಗಳನ್ನು ಅವರು ಮುಂದುವರಿಸಿದರು. 1933ರಿಂದೀಚೆಗೆ ಸೊಲ್ಲಾಪುರ, ವಿಜಾಪುರಗಳಲ್ಲಿ ಒಣಬೇಸಾಯದ ಸಂಶೋಧನೆ ನಡೆಯಿತು. 1944ರಲ್ಲಿ ಅವರ ಗ್ರಂಥವು ಪ್ರಕಟವಾಯಿತು.

ಮಳೆಯನ್ನು ತರಿಸುವುದು ನಮ್ಮ ವಶದಲ್ಲಿಲ್ಲ. ಬಿದ್ದುದನ್ನು ಉಳಿಸುವುದು ಉಂಟು. ಒಡ್ಡು ಹಾಕಿ ನೀರನ್ನು ತಡೆಯಬೇಕು, ಕೊಟ್ಟಿಗೆಗೊಬ್ಬರ ಕೊಡಬೇಕು, ಸಾಲುಗಳನ್ನು ಅಗಲಿಸಿ ಬೀಜವನ್ನು ಮಿತಗೊಳಿಸಬೇಕು, ಮೇಲಿಂದ ಮೇಲೆ ಎಡೆ ಹೊಡೆದು ನೆಲದ ಬಿರುಕುಗಳನ್ನು ಮುಚ್ಚಬೇಕು. ಇದೇ ಆ ಸಂಶೋಧನೆಯ ಸಾರ.

ಕಾಲುವೆಯ ನೀರು ತಲುಪದ ಹೊಲಗಳಿಗೆ ಇಂದಿಗೂ ಇದೇ ಆಧಾರ. ಒಡೆದ ಒಡ್ಡನ್ನು ಮಳೆಗಿಂತ ಮುಂಚೆ ಕಟ್ಟುವುದೇ ಆ ವಿಜ್ಞಾನಿಗೆ ನಾವು ಸಲ್ಲಿಸಬಹುದಾದ ಗೌರವ.