ಎಣ್ಣೆಯಲ್ಲಿ ಲೆಕ್ಕ ಮಾಡುವ ಲೋಹ

ಒಂದು ಮುಖದ ತುಂಬ ಗೆದ್ದಲು ತಿಂದ ಹಲಗೆಯ ಹಾಗೆ ಅಂಕುಡೊಂಕು ಕಾಲುವೆಗಳು. ಅಂಚಿನಲ್ಲಿ ಪೆನ್ಸಿಲ್ ತೂರುವಷ್ಟು ದೊಡ್ಡ ರಂಧ್ರಗಳು, ಒಂದೆರಡರೊಳಗೆ ಸ್ಪ್ರಿಂಗ್. ಡೆಟ್ರಾಯಿಟ್‌ನ ಪಶ್ಚಿಮಕ್ಕಿರುವ ಲಿವೋನಿಯಾದಲ್ಲಿ ಬೇಸಿಗೆಯ ಗರಾಜ್ ಸೇಲುಗಳನ್ನು ಸುತ್ತುವವರಿಗೆ ಇಂಥದ್ದೊಂದು ಎಂದಾದರೂ ಕಣ್ಣಿಗೆ ಬಿದ್ದೀತು. ಮಾರುವವರಿಗೇ ಅದೇನೆಂದು ಗೊತ್ತಿರುವುದಿಲ್ಲ, ಅಪ್ಪನ ಶೆಡ್ಡಿನಲ್ಲಿತ್ತು ಅನ್ನುತ್ತಾರೆ. ಅಪ್ಪ ಎಲ್ಲಿ ಕೆಲಸಕ್ಕಿದ್ದರು ಎಂದು ಕೇಳಿ. ಈ ಊರಿನಲ್ಲಿ ಅಷ್ಟಕ್ಕೇ ಅರ್ಧ ಉತ್ತರ ಸಿಗುತ್ತದೆ.

ಉಳಿದರ್ಧ ಆ ವಸ್ತುವಿನ ಮೈಮೇಲೇ ಇದೆ. ಗುರುತು ಸಿಗದ ಲೋಹದ ತುಂಡು ಕೈಗೆ ಬಂದಾಗ ಬಹುತೇಕರು ಅದು ಯಾವುದರ ಹಾಗೆ ಕಾಣುತ್ತದೆ ಎಂದು ಯೋಚಿಸತೊಡಗುತ್ತಾರೆ. ಅದರಿಂದ ದೂರ ಸಾಗಲಾಗದು. ಮೊದಲು ನೋಡಬೇಕಾದ್ದು ಎಲ್ಲಿ ನುಣುಪಾಗಿದೆ ಎಂಬುದನ್ನು. ಎರಕದ ಅಚ್ಚಿನಿಂದ ಬಂದ ಮೈಯನ್ನು ಹಾಗೇ ಬಿಟ್ಟರೆ ಖರ್ಚಿಲ್ಲ. ಅದನ್ನು ಮತ್ತೆ ಮಷಿನ್ನಿಗೆ ಕೊಟ್ಟು ಸಮ ಮಾಡಿಸಿದ್ದಾರೆ ಅಂದರೆ ಅಲ್ಲಿ ಏನೋ ಒತ್ತಿ ಕೂರಬೇಕಿತ್ತು, ಇಲ್ಲವೇ ಜಾರಬೇಕಿತ್ತು. ಕಾರ್ಖಾನೆಯವರು ಚಂದಕ್ಕಾಗಿ ದುಡ್ಡು ಸುರಿಯುವವರಲ್ಲ.

ನಮ್ಮ ತುಂಡಿನಲ್ಲಿ ನುಣುಪು ಎರಡು ಕಡೆ. ಕಾಲುವೆಗಳಿರುವ ಮುಖ ಕನ್ನಡಿಯಂತೆ ಸಮತಟ್ಟು, ಅಂದರೆ ಅದರ ಮೇಲೊಂದು ತಗಡು ಬಿಗಿಯಾಗಿ ಕೂತು ಕಾಲುವೆಗಳನ್ನು ಮುಚ್ಚುತ್ತಿತ್ತು. ಅಲ್ಲಿಗೆ ಅವು ಒತ್ತಡದ ದ್ರವ ಹರಿಯುವ ಕೊಳವೆಗಳಾದವು. ರಂಧ್ರಗಳ ಒಳಮೈಯೂ ನುಣುಪು, ಅಲ್ಲಿ ಏನೋ ಹಿಂದೆ ಮುಂದೆ ಸರಿಯುತ್ತಿತ್ತು. ಹೊರಮೈ ಒರಟು, ಪೈಪು ಸಿಕ್ಕಿಸುವ ಮೂತಿ ಎಲ್ಲೂ ಇಲ್ಲ. ಹಾಗಾದರೆ ಇದು ಮತ್ತೊಂದು ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮುಳುಗಿಕೊಂಡೇ ಬಾಳಿದ್ದು. ಆಯಸ್ಕಾಂತ ಹಿಡಿದರೆ ಸ್ಪ್ರಿಂಗ್ ಎಳೆಯುತ್ತದೆ, ಮೈ ಎಳೆಯುವುದಿಲ್ಲ. ಗಾತ್ರಕ್ಕೆ ಹೋಲಿಸಿದರೆ ತೂಕವೂ ಕಡಿಮೆ, ಅಲ್ಯೂಮಿನಿಯಂ ಎನ್ನಲಡ್ಡಿಯಿಲ್ಲ.

ಇದು ವಾಲ್ವ್ ಬಾಡಿ, ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಮಿದುಳು. ಯಾರ ಮನೆಯದು ಎನ್ನುವುದಕ್ಕೆ ಎರಕದ ಮೇಲೆ ಉಬ್ಬಿರುವ ಅಕ್ಷರಗಳನ್ನು ಉಜ್ಜಿ ಓದಬೇಕು. ಫೋರ್ಡ್ ಕಂಪನಿಯ ಹಳೆಯ ಸಂಖ್ಯೆಗಳಲ್ಲಿ ಮೊದಲ ಅಕ್ಷರ ದಶಕ, ಪಕ್ಕದ ಅಂಕಿ ವರ್ಷ. ಬಿ ಅಂದರೆ 1950ರ ದಶಕ, ಸಿ ಅಂದರೆ 1960ರದು, ಡಿ ಅಂದರೆ 1970ರದು. ‘ಡಿ2’ ಎಂದಿದ್ದರೆ 1972ರ ವಿನ್ಯಾಸ. ನಡುವಿನ ಸಂಖ್ಯೆ 7ರಿಂದ ಶುರುವಾದರೆ ಗೇರ್‌ಬಾಕ್ಸಿನ ವಂಶ. ಆದರೆ ಅದು ವಿನ್ಯಾಸದ ವರ್ಷವೇ ಹೊರತು ತಯಾರಾದ ವರ್ಷವಲ್ಲ. ಅದೇ ಅಚ್ಚು ಮುಂದೆ ಎಷ್ಟೋ ವರ್ಷ ದುಡಿದಿರಬಹುದು.

ಲಿವೋನಿಯಾದ ಪ್ಲಿಮತ್ ರಸ್ತೆಯಲ್ಲಿ ಫೋರ್ಡ್‌ನ ಗೇರ್‌ಬಾಕ್ಸ್ ಕಾರ್ಖಾನೆ ಶುರುವಾದದ್ದು 1952ರಲ್ಲಿ. ಆಗ ಅದೇ ಊರಿನಲ್ಲಿ ಎದುರಾಳಿಯೂ ಇದ್ದ. ಜನರಲ್ ಮೋಟಾರ್ಸ್ ತನ್ನ ‘ಹೈಡ್ರಾಮ್ಯಾಟಿಕ್’ ಅನ್ನು ಇಲ್ಲೇ ತಯಾರಿಸುತ್ತಿತ್ತು. 1940ರ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ 57 ಡಾಲರ್ ಹೆಚ್ಚು ಕೊಟ್ಟವರಿಗೆ ಸಿಗುತ್ತಿದ್ದ ಈ ಯಂತ್ರ, ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಪೂರ್ಣ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರ್ ಮತ್ತವರ ತಂಡದ ಕೆಲಸ. ಕ್ಲಚ್ ಪೆಡಲ್ ಇಲ್ಲ, ಮುಂದಕ್ಕೆ ನಾಲ್ಕು ಗೇರು. ತಮಾಷೆಯೆಂದರೆ ಅದರಲ್ಲಿ ‘ಪಾರ್ಕ್’ ಇರಲಿಲ್ಲ. ಎಂಜಿನ್ ಆರಿಸಿ ರಿವರ್ಸಿಗೆ ಹಾಕಿ ಇಳಿದು ಹೋಗಬೇಕಿತ್ತು.

ಕಂಪ್ಯೂಟರ್ ಚಿಪ್ ಇಲ್ಲದ ಆ ಕಾಲದಲ್ಲಿ ಯಾವಾಗ ಗೇರ್ ಬದಲಿಸಬೇಕೆಂದು ಯಂತ್ರಕ್ಕೆ ತಿಳಿಯುತ್ತಿದ್ದುದು ಹೇಗೆ? ಕಾರು ಓಡಿಸುವವರು ಸ್ವತಃ ಏನು ಮಾಡುತ್ತಾರೆ ನೋಡಿ. ವೇಗ ಎಷ್ಟಿದೆ, ಆಕ್ಸಿಲರೇಟರನ್ನು ಎಷ್ಟು ತುಳಿದಿದ್ದೇನೆ, ಇವೆರಡನ್ನು ತೂಗಿ ಗೇರ್ ಹಾಕುತ್ತಾರೆ. ಹೈಡ್ರಾಮ್ಯಾಟಿಕ್ ಈ ಎರಡನ್ನೂ ಎಣ್ಣೆಯ ಒತ್ತಡವಾಗಿ ಬದಲಿಸಿಕೊಂಡಿತು. ಚಕ್ರಗಳ ಕಡೆಯ ದಂಡದ ಜೊತೆ ತಿರುಗುವ ‘ಗವರ್ನರ್’ ಎಂಬ ಸಾಧನದಲ್ಲಿ ಪುಟ್ಟ ತೂಕಗಳಿವೆ. ವೇಗ ಹೆಚ್ಚಿದಂತೆ ಅವು ಹೊರಕ್ಕೆ ಎಸೆಯಲ್ಪಡುತ್ತವೆ, ಒಂದು ಕವಾಟ ತೆರೆಯುತ್ತದೆ, ಒತ್ತಡ ಏರುತ್ತದೆ. ಜೇಮ್ಸ್ ವಾಟ್ 1788ರಲ್ಲಿ ತನ್ನ ಉಗಿಯಂತ್ರಕ್ಕೆ ಕೂರಿಸಿದ ಗವರ್ನರಿನದೂ ಇದೇ ತತ್ತ್ವ. ನಮ್ಮೂರ ಗೇರಿಲ್ಲದ ಸ್ಕೂಟರಿನ ವೇರಿಯೇಟರಿನಲ್ಲಿ ರೋಲರುಗಳು ಹೊರಕ್ಕೆ ಸರಿಯುವುದೂ ಹೀಗೆಯೇ. ಇನ್ನೊಂದು ಕವಾಟ ಆಕ್ಸಿಲರೇಟರಿಗೆ ತಕ್ಕ ಒತ್ತಡ ಕೊಡುತ್ತದೆ.

ಈ ಎರಡು ಒತ್ತಡಗಳು ಎದುರುಬದುರಾಗುವ ಕಣವೇ ಆ ನುಣುಪು ರಂಧ್ರ. ಅದರೊಳಗೆ ನಡುನಡುವೆ ಸೊಂಟ ಸಣ್ಣಗಾದ ಒಂದು ಸಲಾಕೆ. ಒಂದು ತುದಿಯಿಂದ ವೇಗದ ಎಣ್ಣೆ ತಳ್ಳುತ್ತದೆ, ಇನ್ನೊಂದು ತುದಿಯಿಂದ ಆಕ್ಸಿಲರೇಟರಿನ ಎಣ್ಣೆಯೂ ಸ್ಪ್ರಿಂಗೂ ಸೇರಿ ತಡೆಯುತ್ತವೆ. ವೇಗ ಗೆದ್ದ ಕ್ಷಣ ಸಲಾಕೆ ಜಾರಿ ಹೊಸ ಕಾಲುವೆ ತೆರೆಯುತ್ತದೆ. ಪಂಪಿನ ಎಣ್ಣೆ ಅದರಲ್ಲಿ ನುಗ್ಗಿ ಕ್ಲಚ್ಚನ್ನು ಬಿಗಿಸುತ್ತದೆ, ಗೇರ್ ಬದಲಾಗುತ್ತದೆ. ಮೆಲ್ಲಗೆ ತುಳಿದರೆ ತಡೆಯುವ ಬಲ ಕಡಿಮೆ, ಹಾಗಾಗಿ ಬೇಗ ಮೇಲಿನ ಗೇರು. ಏರಿನಲ್ಲಿ ಒತ್ತಿ ತುಳಿದರೆ ತಡವಾಗಿ. ಇನ್ನೂ ಒಂದು ಜಾಣತನವಿದೆ. ಒಮ್ಮೆ ಜಾರಿದ ಸಲಾಕೆ ಅದೇ ವೇಗಕ್ಕೆ ವಾಪಸಾಗದ ಹಾಗೆ ಅದರ ಮೇಲೆ ಒತ್ತಡ ಬೀಳುವ ಲೆಕ್ಕವನ್ನೇ ಬದಲಿಸಿರುತ್ತಾರೆ. ಇಲ್ಲದಿದ್ದರೆ ಕಾರು ಎರಡು ಗೇರುಗಳ ನಡುವೆ ಓಲಾಡುತ್ತಲೇ ಇರುತ್ತಿತ್ತು. ಹೆಚ್ಚು, ಕಡಿಮೆ, ಆದರೆ, ಆಗ ಎಂಬ ತರ್ಕವೆಲ್ಲ ಆ ಕಾಲುವೆಗಳ ನಕ್ಷೆಯಲ್ಲೇ ಇದೆ. ನನ್ನ ಮಟ್ಟಿಗೆ ಮೊದಲ ತಲೆಮಾರಿನ ವಿದ್ಯುನ್ಮಾನ ಕಂಪ್ಯೂಟರುಗಳಿಗಿಂತ ಇದು ಕಡಿಮೆ ಬೆರಗಿನದೇನಲ್ಲ.

1953ರ ಆಗಸ್ಟ್ 12ರಂದು ಲಿವೋನಿಯಾದ ಹೈಡ್ರಾಮ್ಯಾಟಿಕ್ ಕಾರ್ಖಾನೆ ಸುಟ್ಟುಹೋಯಿತು. ವೆಲ್ಡಿಂಗ್ ಕಿಡಿಯೊಂದು ತುಕ್ಕುನಿರೋಧಕ ದ್ರವಕ್ಕೆ ತಗುಲಿತ್ತು. ಸುಮಾರು 34 ಎಕರೆ ಒಂದೇ ಸೂರು, ನಡುವೆ ಬೆಂಕಿ ತಡೆಯುವ ಗೋಡೆಯಿಲ್ಲ. ಉಕ್ಕಿನ ಚಾವಣಿಯ ಮೇಲಿದ್ದ ಡಾಂಬರು ಕರಗಿ ಸುರಿದು ಬೆಂಕಿಯನ್ನು ಉದ್ದಕ್ಕೂ ಹಬ್ಬಿಸಿತು, ಜೀವಗಳೂ ಹೋದವು. ಗೇರ್‌ಬಾಕ್ಸ್ ಇಲ್ಲದೆ ಕಂಗೆಟ್ಟ ಕ್ಯಾಡಿಲಾಕ್, ಓಲ್ಡ್ಸ್‌ಮೊಬೈಲ್ ಕೆಲಕಾಲ ಬ್ಯೂಕ್‌ನ ಡೈನಾಫ್ಲೋ ಹಾಕಿಕೊಂಡವು, ಪಾಂಟಿಯಾಕ್ ಶೆವ್ರೊಲೆಯ ಪವರ್‌ಗ್ಲೈಡ್ ಹಾಕಿಕೊಂಡಿತು. ತಯಾರಿಕೆ ಹತ್ತಿರದ ವಿಲ್ಲೋ ರನ್‌ಗೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಫೋರ್ಡ್ ಬಾಂಬರ್ ವಿಮಾನ ತಯಾರಿಸಿದ ಕಟ್ಟಡಕ್ಕೆ ಹೋಯಿತು. ಹಾಗಾಗಿ ಆ ಸುಟ್ಟುಹೋದ ಕಾರ್ಖಾನೆಯ ತುಂಡು ಎಂದು ಯಾರಾದರೂ ಹೆಚ್ಚು ಬೆಲೆ ಹೇಳಿದರೆ ಮೊದಲು ಸಂಖ್ಯೆ ಓದಿ. ‘ಡಿ2’ ಎಂದಿದ್ದರೆ ಅದು ಖಂಡಿತ ಪಕ್ಕದ ಮನೆಯ ಮಗು.

ಈಗಿನ ಆಟೊಮ್ಯಾಟಿಕ್ ಕಾರುಗಳಲ್ಲಿ ಗವರ್ನರಿನ ಕೆಲಸವನ್ನು ಸೆನ್ಸರ್, ಚಿಪ್, ಸೊಲೆನಾಯ್ಡುಗಳು ಮಾಡುತ್ತವೆ. ವಾಲ್ವ್ ಬಾಡಿ ಮಾತ್ರ ಉಳಿದಿದೆ, ಏಕೆಂದರೆ ಕ್ಲಚ್ಚನ್ನು ಒತ್ತುವ ಬಲ ಇನ್ನೂ ಎಣ್ಣೆಯದೇ.

ಕೊಂಡು ತಂದ ಮೇಲೆ ಬಿಚ್ಚಿ ನೋಡುವ ಆಸೆಯಾದರೆ ಕೆಳಗೊಂದು ತಟ್ಟೆ ಇಟ್ಟು, ಪ್ರತಿ ಹಂತಕ್ಕೂ ಫೋಟೊ ತೆಗೆದುಕೊಳ್ಳಿ. ತಗಡು ಎತ್ತಿದ ಕೂಡಲೇ ಕಾಲುವೆಗಳಿಂದ ಪುಟ್ಟ ಗುಂಡುಗಳು ಉರುಳಿ ಬಿದ್ದಾವು. ಎಣ್ಣೆ ಒಂದೇ ದಿಕ್ಕಿಗೆ ಹರಿಯಲಿ ಎಂದು ಇಟ್ಟವು ಅವು. ಎಲ್ಲವೂ ನೋಡಲು ಒಂದೇ ಥರ, ಆದರೆ ಯಾವ ಗುಂಡು ಯಾವ ಕುಳಿಯದು ಎಂಬುದು ರಿಪೇರಿ ಪುಸ್ತಕದ ಚಿತ್ರ ನೋಡದೆ ಹಳೆಯ ಮೆಕ್ಯಾನಿಕ್ಕುಗಳಿಗೂ ನೆನಪಾಗದು.