ಎರೆಗೊಬ್ಬರ ಬೇರಿಗೆ ಮಾಡುವುದೇನು?

ನೂರು ಕಿಲೋ ಯೂರಿಯಾದಲ್ಲಿ 46 ಕಿಲೋ ಸಾರಜನಕ ಇರುತ್ತದೆ. ಅಷ್ಟೇ ತೂಕದ ಎರೆಹುಳು ಗೊಬ್ಬರದಲ್ಲಿ ಸಿಗುವುದು ಸಾಮಾನ್ಯವಾಗಿ ಒಂದೂವರೆ, ಹೆಚ್ಚೆಂದರೆ ಎರಡು ಕಿಲೋ. ಬರೀ ಪೋಷಕಾಂಶದ ಲೆಕ್ಕ ಹಿಡಿದರೆ ಎರೆಗೊಬ್ಬರವನ್ನು ಯಾರೂ ಕೊಳ್ಳಬೇಕಾಗಿಲ್ಲ. ಆದರೂ ಸಸಿಮಡಿಗೆ ನಾಲ್ಕು ಬೊಗಸೆ ಬೆರೆಸಿದರೆ ಟೊಮೆಟೊ ಸಸಿಗಳು ಚುರುಕಾಗಿ ಏಳುತ್ತವೆ, ಕಿತ್ತು ನೋಡಿದರೆ ಬೇರೂ ದಟ್ಟವಾಗಿರುತ್ತದೆ. ಹಾಗಾದರೆ ಸಾರಜನಕ, ರಂಜಕ, ಪೊಟ್ಯಾಷ್ ಬಿಟ್ಟು ಅದರಲ್ಲಿ ಇನ್ನೇನಿದೆ?

ಉತ್ತರದ ಒಂದು ಭಾಗ ಅದರ ಕಪ್ಪು ಬಣ್ಣದಲ್ಲೇ ಇದೆ. ಎರೆಗೊಬ್ಬರವನ್ನು ಕ್ಷಾರದ ದ್ರಾವಣದಲ್ಲಿ ಕದಡಿ ಸೋಸಿದರೆ ಕಡುಕಂದು ದ್ರವ ಇಳಿಯುತ್ತದೆ. ಅದಕ್ಕೆ ಆಮ್ಲ ಬೆರೆಸಿದರೆ ಕಪ್ಪು ಗಷ್ಟು ತಳ ಸೇರುತ್ತದೆ. ಅದೇ ಹ್ಯೂಮಿಕ್ ಆಮ್ಲ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಈ ಗಷ್ಟನ್ನು ಟೊಮೆಟೊ, ಸೌತೆ ಸಸಿಗಳಿಗೆ ಕೊಟ್ಟು ನೋಡಿದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಪೋಷಕಾಂಶಗಳು ಎಲ್ಲ ಸಸಿಗಳಿಗೂ ಧಾರಾಳವಾಗಿ ಸಿಗುತ್ತಿದ್ದವು. ಬದಲಾಗಿದ್ದು ಹ್ಯೂಮಿಕ್ ಆಮ್ಲದ ಪ್ರಮಾಣ ಮಾತ್ರ. ಕುಂಡದ ಪ್ರತಿ ಕಿಲೋ ಮಿಶ್ರಣಕ್ಕೆ 50ರಿಂದ 500 ಮಿಲಿಗ್ರಾಂ ಬೆರೆಸಿದಾಗ ಸಸಿಗಳು ಹೆಚ್ಚು ಬೆಳೆದವು. ಅದನ್ನು ಮೀರಿ ಸುರಿಯುತ್ತ ಹೋದಂತೆ ಬೆಳವಣಿಗೆ ಕುಗ್ಗಿತು. ಆಹಾರ ಹೆಚ್ಚಾಗಿ ಹೀಗಾಯಿತೆನ್ನಲು ಇಲ್ಲಿ ಕೊಟ್ಟಿದ್ದು ಆಹಾರವೇ ಅಲ್ಲ. ಇಷ್ಟು ಕಡಿಮೆ ಪ್ರಮಾಣದಲ್ಲಿ ಕೆಲಸ ಮಾಡಿ, ಅತಿಯಾದರೆ ತಿರುಗಿಬೀಳುವುದು ಹಾರ್ಮೋನುಗಳ ಗುಣ.

ಅದೇ ವರ್ಷ ಬ್ರೆಜಿಲ್‌ನ ವಿಜ್ಞಾನಿ ಕನೆಲಾಸ್ ಮತ್ತು ಸಂಗಡಿಗರು ಮೆಕ್ಕೆಜೋಳದ ಬೇರಿನಲ್ಲಿ ಇದರ ಜಾಡು ಹಿಡಿದರು. ಎರೆಗೊಬ್ಬರದಿಂದ ತೆಗೆದ ಹ್ಯೂಮಿಕ್ ಆಮ್ಲ ಸೋಕಿದ ಬೇರು ಉದ್ದವಾಯಿತು, ಹೆಚ್ಚು ಕವಲೊಡೆಯಿತು. ಬೇರಿನ ಜೀವಕೋಶದ ಪೊರೆಯಲ್ಲಿ ಪ್ರೋಟಾನುಗಳನ್ನು ಹೊರದೂಡುವ ಪಂಪುಗಳಿವೆ. ಅವು ಬಿರುಸಾಗಿ ದುಡಿಯತೊಡಗಿದ್ದವು. ಪ್ರೋಟಾನು ಹೊರಬಂದಷ್ಟೂ ಕೋಶದ ಗೋಡೆ ಹುಳಿಯಾಗುತ್ತದೆ. ಬಿಗಿ ಅಂಗಿಯ ಗುಂಡಿ ಬಿಚ್ಚಿದ ಹಾಗೆ ಗೋಡೆ ಸಡಿಲಗೊಂಡು, ಒಳಗಿನ ನೀರಿನ ಒತ್ತಡಕ್ಕೆ ಕೋಶ ಹಿಗ್ಗುತ್ತದೆ. ಸಸ್ಯಗಳಲ್ಲಿ ಈ ಕೆಲಸ ಮಾಡಿಸುವ ಹಾರ್ಮೋನು ಆಕ್ಸಿನ್. ಹುಡುಕಿದರೆ, ಹ್ಯೂಮಿಕ್ ಆಮ್ಲಕ್ಕೆ ಅಂಟಿಕೊಂಡೇ ಆಕ್ಸಿನ್ ಇತ್ತು!

ಆಕ್ಸಿನ್ ತಯಾರಿಸಬಲ್ಲ ಸೂಕ್ಷ್ಮಜೀವಿಗಳು ಎರೆಹುಳುವಿನ ಕರುಳಲ್ಲೂ ಹಿಕ್ಕೆಯಲ್ಲೂ ತುಂಬಿರುತ್ತವೆ. ಬಿಡಿ ಹಾರ್ಮೋನು ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ. ಹ್ಯೂಮಿಕ್ ಆಮ್ಲಕ್ಕೆ ಅಂಟಿದ್ದು ಬಾಳಿಕೆ ಬರುತ್ತದೆ. ಗೊಬ್ಬರದ ಜೊತೆ ಸೂಕ್ಷ್ಮಜೀವಿಗಳೂ ಹೊಲ ಸೇರುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ರಾಧಾ ಕಾಳೆ ಮತ್ತವರ ಸಹೋದ್ಯೋಗಿಗಳು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರೆಗೊಬ್ಬರ ಹಾಕಿದ ಭತ್ತದ ಗದ್ದೆಯಲ್ಲಿ ಸಾರಜನಕ ಸ್ಥಿರೀಕರಿಸುವ ಜೀವಿಗಳು ಹೆಚ್ಚಿದ್ದವು.

ಇದರಿಂದ ಕೈತೋಟದವರಿಗೂ ರೈತರಿಗೂ ಎರಡು ಪಾಠ. ಕುಂಡಕ್ಕೆ ಬರೀ ಎರೆಗೊಬ್ಬರವನ್ನೇ ತುಂಬಬೇಡಿ. ಮಿಶ್ರಣದ ಐದರಲ್ಲಿ ಒಂದು ಪಾಲು ಇದ್ದರೆ ಸಾಕು. ಮಿಕ್ಕದ್ದು ಮಣ್ಣು, ತೆಂಗಿನ ನಾರಿನ ಪುಡಿ ಇರಲಿ. ಇನ್ನೊಂದು, ಹಾರ್ಮೋನು ಬೇರನ್ನು ಬೆಳೆಸೀತೇ ಹೊರತು ಅದಕ್ಕೆ ಉಣ್ಣಿಸದು. ಬಡಕಲು ಮಣ್ಣಿಗೆ ಕೊಟ್ಟಿಗೆ ಗೊಬ್ಬರವೋ, ಹಸಿರೆಲೆಯೋ, ಮಣ್ಣು ಪರೀಕ್ಷೆ ಹೇಳಿದಷ್ಟು ರಸಗೊಬ್ಬರವೋ ಜೊತೆಗೆ ಬೇಕೇ ಬೇಕು.